ಬಡಿದದ್ದನ್ನು ಮುಚ್ಚುವುದು ವ್ಯಾಪಾರವಲ್ಲ

‘ಹಳೀ ಗಾಡಿ ಅಂದಮ್ಯಾಲ ಬಡದೇ ಇರ್ತದ. ನೀ ನೋಡಿ ತೊಗೋಬೇಕಿತ್ತು.’ ಕೊಂಡು ತಂದ ಕಾರು ಹಿಂದೆಂದೋ ಅಪಘಾತಕ್ಕೆ ಸಿಕ್ಕಿದ್ದೆಂದು ಗೊತ್ತಾದವನಿಗೆ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಸಿಗುವ ಮೊದಲ ಸಮಾಧಾನ ಇದು. ಗ್ಯಾರೇಜಿನವನು ಇದನ್ನೇ ಹೇಳುತ್ತಾನೆ, ಗಾಡಿ ಕೊಡಿಸಿದ ಏಜೆಂಟ ಇದನ್ನೇ ಹೇಳುತ್ತಾನೆ, ಮನೆಗೆ ಬಂದ ಮಾವ ಚಹಾ ಕುಡಿಯುತ್ತ ಇದನ್ನೇ ಹೇಳುತ್ತಾನೆ. ಕೆಲವು ದಿನ ಕಳೆದ ಮೇಲೆ ಮೋಸ ಹೋದವನೂ ಇದನ್ನೇ ಹೇಳತೊಡಗುತ್ತಾನೆ. ಮಾರಿದವನ ಹೆಸರು ಅಷ್ಟರಲ್ಲಿ ಮಾತಿನಿಂದಲೇ ಬಿದ್ದುಹೋಗಿರುತ್ತದೆ. ಕಳ್ಳತನವಾದ ಮನೆಯಲ್ಲಿ ಕಳ್ಳನನ್ನು ಬಿಟ್ಟು ಕದ ಹಾಕಿಕೊಳ್ಳದವನನ್ನು ಬೈಯುವ ಈ ರೂಢಿಯನ್ನು ನಾವು ವ್ಯವಹಾರಜ್ಞಾನ ಎಂದು ಕರೆದುಕೊಂಡಿದ್ದೇವೆ. ಅದು ವ್ಯವಹಾರಜ್ಞಾನವಲ್ಲ, ಮೋಸಕ್ಕೆ ಊರೇ ನಿಂತು ಕೊಡುವ ಜಾಮೀನು.

ಮೊದಲಿಗೇ ಒಂದು ಮಾತು ಸ್ಪಷ್ಟವಾಗಲಿ. ಹತ್ತು ವರ್ಷ ರಸ್ತೆಯಲ್ಲಿ ತಿರುಗಿದ ಗಾಡಿ ಎಲ್ಲೋ ಒಮ್ಮೆ ಬಡಿದಿರಬಹುದು. ಅದನ್ನು ರಿಪೇರಿ ಮಾಡಿ ಮಾರುವುದು ತಪ್ಪಲ್ಲ. ಬಲ್ಲ ಕೈಯಲ್ಲಿ ಸರಿಯಾದ ಗಾಡಿ ವರ್ಷಗಟ್ಟಲೆ ಚೆನ್ನಾಗಿಯೇ ಓಡುತ್ತದೆ, ಕಡಿಮೆ ದುಡ್ಡಿದ್ದ ಮನೆಗೆ ಅಂಥ ಗಾಡಿ ಆಸರೆಯೂ ಹೌದು. ಬಡಿಯದ ಗಾಡಿಯ ರೇಟು ಎಣಿಸಿಕೊಂಡು ಬಡಿದ ಗಾಡಿಯ ಕೀಲಿ ಕೈಗಿಡುವುದು ಬೇರೆಯೇ ಕೆಲಸ. ನನ್ನ ಜಗಳ ಆ ಕೆಲಸದ ಜೊತೆ, ಅದನ್ನು ಸಹಜವೆಂದು ಸಾರುವ ನಾಲಿಗೆಗಳ ಜೊತೆ.

ಈ ಮೂರು ತಾಲ್ಲೂಕುಗಳಲ್ಲಿ ಹಳೆಯ ಕಾರು ಕೊಳ್ಳುವವನು ಶೋಕಿಗೆ ಕೊಳ್ಳುವುದು ಕಡಿಮೆ. ಆಳಂದದಿಂದಲೂ ಜೇವರ್ಗಿಯಿಂದಲೂ ಕಲಬುರಗಿ 40 ಕಿಲೋಮೀಟರಿನ ಆಸುಪಾಸು. ಅಫಜಲಪುರ ಇನ್ನೂ ದೂರ. ರಾತ್ರಿ ಎದೆನೋವು ಬಂದವರನ್ನು ಕಲಬುರಗಿಯ ಜಯದೇವ ಆಸ್ಪತ್ರೆಗೆ ಒಯ್ಯಬೇಕು, ಇಲ್ಲವೇ ಗಡಿ ದಾಟಿ ಸೊಲ್ಲಾಪುರಕ್ಕೆ. ತೊಗರಿ ರಾಶಿಯಾಗಿ ಕೈಗೆ ದುಡ್ಡು ಬಂದ ವರ್ಷ, ಕಬ್ಬಿನ ಬಿಲ್ಲು ಜಮಾ ಆದ ವರ್ಷ, ಮಗಳ ಹೆರಿಗೆ ಹತ್ತಿರ ಬಂದ ವರ್ಷ ಮನೆಯವರೆಲ್ಲ ಕೂತು ಮಾತಾಡಿ ‘ಒಂದು ಸೆಕೆಂಡ್ ಹ್ಯಾಂಡ್ ತೊಗೊಳ್ಳೋಣು’ ಎನ್ನುತ್ತಾರೆ. ಪರಿಚಯದವರ ಪರಿಚಯದವನೊಬ್ಬ ಏಜೆಂಟನಾಗುತ್ತಾನೆ. ಗಾಡಿ ಕಲಬುರಗಿಯಿಂದ ಬರುತ್ತದೆ, ಸೊಲ್ಲಾಪುರದಿಂದ ಬರುತ್ತದೆ, ಪುಣೆ ಹೈದರಾಬಾದುಗಳಿಂದಲೂ ಬರುತ್ತದೆ. ಎಂಎಚ್ 13 ಇದ್ದದ್ದು ಎನ್‌ಒಸಿ ತೆಗೆಸಿ ಕೆಎ 32 ಆದಾಗ ನಂಬರಿನ ಜೊತೆಗೆ ಗಾಡಿಯ ಊರೂ ಬದಲಾಗುತ್ತದೆ. ಅದು ಎಲ್ಲಿ ಬಡಿಯಿತು, ಯಾರು ಕ್ರೇನಿನಲ್ಲಿ ಎಳೆದೊಯ್ದರು ಎಂದು ಕಂಡವರು ಆಚೆ ದಂಡೆಯಲ್ಲಿ ಉಳಿದುಬಿಡುತ್ತಾರೆ. ಚಾಸಿ ನಂಬರೊಂದೇ ಹಳೆಯದು, ಅದಕ್ಕೆ ಬಾಯಿಲ್ಲ.

ಗುಟ್ಟು ಹೊರಬೀಳುವುದು ಸಾಮಾನ್ಯವಾಗಿ ಬೇರೆ ಕೆಲಸಕ್ಕೆ ಹೋದಾಗ. ಸ್ಟೇರಿಂಗು ಎಡಕ್ಕೆ ಎಳೆಯುತ್ತದೆಂದು ವೀಲ್ ಅಲೈನ್‌ಮೆಂಟಿಗೆ ಒಯ್ದರೆ, ಮಷೀನಿನ ಮುಂದೆ ಕೂತ ಹುಡುಗ ಎರಡು ಸಲ ತಿರುವಿ ನೋಡಿ ‘ಇದು ಸೆಟ್ಟಿಂಗಿಗೆ ಬರಂಗಿಲ್ರೀ, ಕೆಳಗ ಬೆಂಡ್ ಅದ’ ಎನ್ನುತ್ತಾನೆ. ಬಾಗಿಲಿನ ಸಣ್ಣ ಗೀರು ಸರಿಮಾಡಲು ಉಜ್ಜಿದರೆ ಬಣ್ಣದ ಕೆಳಗೆ ತಗಡು ಬರುವ ಬದಲು ಪುಟ್ಟಿ ಬರುತ್ತದೆ, ಇನ್ನೂ ಉಜ್ಜಿದರೆ ಇನ್ನೂ ಪುಟ್ಟಿ. ಮುಂದಿನ ಎರಡು ಟೈರಿನಲ್ಲಿ ಒಂದರ ಒಳಮೈ ಮಾತ್ರ ಸವೆದಿರುತ್ತದೆ. ಬಾನೆಟ್ಟು ಎತ್ತಿದರೆ ಒಂದು ಬದಿಯ ಬೋಲ್ಟುಗಳಿಗೆ ಪಾನಾ ತಾಗಿದ ಗುರುತು, ಇನ್ನೊಂದು ಬದಿ ಕಂಪನಿಯ ಬಣ್ಣ ಹಾಗೇ. ಒಂದು ಹೆಡ್‌ಲೈಟು ಹಳದಿಗಟ್ಟಿದೆ, ಇನ್ನೊಂದು ಹೊಸದಾಗಿ ಹೊಳೆಯುತ್ತದೆ. ಇವುಗಳಲ್ಲಿ ಯಾವುದೊಂದೂ ತಾನಾಗಿ ಸಾಕ್ಷಿಯಲ್ಲ. ಬಣ್ಣವನ್ನು ಗೀರಿಗೂ ಹೊಡೆಸಿರಬಹುದು, ಹೆಡ್‌ಲೈಟು ಕಲ್ಲು ಬಿದ್ದು ಒಡೆದಿರಬಹುದು. ಆದರೆ ಎಲ್ಲವೂ ಒಂದೇ ಮೂಲೆಯಲ್ಲಿ ಕೂಡಿಬಂದರೆ ಆ ಮೂಲೆಯಲ್ಲಿ ಏನೋ ನಡೆದಿದೆ.

ಆಗ ಎರಡನೆಯ ಸಮಾಧಾನ ಬರುತ್ತದೆ: ‘ನಡಿಲಕತ್ತದಲ್ಲ, ಯಾಕ ತಲಿ ಕೆಡಸ್ಕೋತಿ?’ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಈ ಮಾತಿಗೆ. ಕಾರು ನಡೆಯುವುದಕ್ಕೂ ಕಾಪಾಡುವುದಕ್ಕೂ ಸಂಬಂಧವಿಲ್ಲ. ಇಂದಿನ ಬಹುಪಾಲು ಕಾರುಗಳಿಗೆ ಲಾರಿಗಿರುವಂಥ ಬೇರೆ ಚಾಸಿ ಇಲ್ಲ, ಮೈಯೇ ಎಲುಬು. ಮುಂಭಾಗ ಡಿಕ್ಕಿಯಲ್ಲಿ ಲೆಕ್ಕದಂತೆ ಮಡಚಿಕೊಂಡು ಹೊಡೆತವನ್ನು ನುಂಗಬೇಕು. ಬಾಗಿಲ ನಡುವಿನ ಪಿಲ್ಲರು, ಮೇಲಿನ ಛಾವಣಿ, ಕೆಳಗಿನ ಪಟ್ಟಿ ಮಡಚದೆ ಒಳಗಿದ್ದವರ ಸುತ್ತ ಗಟ್ಟಿಯಾಗಿ ನಿಲ್ಲಬೇಕು. ಯಾವ ಭಾಗ ಮೆತ್ತಗಿರಬೇಕು, ಯಾವುದು ಬಿಗಿಯಾಗಿರಬೇಕು ಎಂದು ನೋಡಿಯೇ ಉಕ್ಕನ್ನು ಆರಿಸಿರುತ್ತಾರೆ. ಬಿಗಿ ಉಕ್ಕಿಗೆ ಗ್ಯಾಸ್ ಬೆಂಕಿ ಹಿಡಿದು ಬಡಿದು ನೆಟ್ಟಗೆ ಮಾಡಿದರೆ ಆಕಾರ ಮರಳಿ ಬರುತ್ತದೆ, ಬಲ ಬರುವುದಿಲ್ಲ. ಹೊರಗಿನಿಂದ ನೋಡಿದವನಿಗೆ ಎರಡೂ ಒಂದೇ.

ಏರ್‌ಬ್ಯಾಗಿನ ಮಾತು ಇದಕ್ಕಿಂತ ಕೆಟ್ಟದ್ದು. 2019ರ ಜುಲೈಯಿಂದ ತಯಾರಾದ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗು ಕಡ್ಡಾಯ. ಅದು ಒಮ್ಮೆ ತೆರೆದುಕೊಂಡರೆ ಮುಗಿಯಿತು, ಹೊಸದನ್ನೇ ಹಾಕಬೇಕು. ಸೀಟ್ ಬೆಲ್ಟನ್ನು ಹೊಡೆತದ ಕ್ಷಣದಲ್ಲಿ ಬಿಗಿ ಎಳೆಯುವ ಭಾಗವನ್ನೂ ಬದಲಿಸಬೇಕು. ಖರ್ಚು ದೊಡ್ಡದು. ಅದಕ್ಕೇ ಕೆಲವರು ಡ್ಯಾಶ್‌ಬೋರ್ಡಿನ ತೂತು ಮುಚ್ಚಿ, ಎಚ್ಚರಿಕೆಯ ದೀಪ ಹತ್ತದಂತೆ ವೈರಿನಲ್ಲಿ ಕೈಚಳಕ ಮಾಡಿ ಬಿಡುತ್ತಾರೆ. ಕೀಲಿ ತಿರುವಿದಾಗ ಆ ದೀಪ ಕ್ಷಣಕಾಲ ಹೊತ್ತಿ ಆರಬೇಕು. ಹೊತ್ತದೇ ಇದ್ದರೆ ಕೆಟ್ಟ ಸೂಚನೆ, ಹೊತ್ತಿ ಆರಿದರೂ ನಂಬಿಕೆಗೆ ಪೂರ್ತಿ ಆಧಾರವಿಲ್ಲ. ಜೇವರ್ಗಿ ದಾಟಿ ವಿಜಯಪುರದ ಕಡೆ ಹೆದ್ದಾರಿಯಲ್ಲಿ, ಗಾಣಗಾಪುರದ ದರ್ಶನ ಮುಗಿಸಿ ಮಕ್ಕಳನ್ನು ಮಲಗಿಸಿಕೊಂಡು ಬರುವ ಮನೆಮಂದಿ ಕೂತಿರುವುದು ಇಂಥ ಗಾಡಿಯಲ್ಲಿ. ಅವರಿಗೆ ‘ನಡಿಲಕತ್ತದಲ್ಲ’ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

‘ನೋಡಿ ತೊಗೋಬೇಕಿತ್ತು’ ಎನ್ನುವವರು ಎತ್ತಿನ ಸಂತೆಯ ಉದಾಹರಣೆ ಕೊಡುತ್ತಾರೆ. ಹಲ್ಲು ಎಣಿಸದೆ, ಸುಳಿ ನೋಡದೆ, ನಡೆಸಿ ನೋಡದೆ ಎತ್ತು ಕೊಂಡವನಿಗೆ ಯಾರು ಅಳುತ್ತಾರೆ ಎಂಬುದು ಅವರ ವಾದ. ನನ್ನ ಸೀಮೆಯ ಜನ ಎತ್ತು ಬಲ್ಲವರು, ಅದಕ್ಕೇ ಈ ವಾದ ಗಟ್ಟಿಯಾಗಿ ಕೇಳಿಸುತ್ತದೆ. ಆದರೆ ಎತ್ತಿನ ಬಾಯಿ ತೆರೆದರೆ ಹಲ್ಲು ಕಾಣುತ್ತದೆ, ಕಾಲು ಕುಂಟಾದರೆ ನಾಲ್ಕು ಹೆಜ್ಜೆಗೆ ಗೊತ್ತಾಗುತ್ತದೆ. ತಲೆಮಾರುಗಳಿಂದ ಆ ಕಣ್ಣು ನಮ್ಮಲ್ಲಿ ಬೆಳೆದಿದೆ. ಕಾರಿನ ಬಣ್ಣದ ದಪ್ಪ ಅಳೆಯುವುದು ಮೈಕ್ರಾನಿನಲ್ಲಿ. ಕಂಪನಿಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. ಪುಟ್ಟಿ ತುಂಬಿದ ಜಾಗದಲ್ಲಿ ಅದು ಎಷ್ಟೋ ಪಟ್ಟು ಏರುತ್ತದೆ. ಅಂಗೈ ಸವರಿದರೆ ಆ ವ್ಯತ್ಯಾಸ ತಿಳಿಯುವುದಿಲ್ಲ, ಅಳೆಯುವ ಯಂತ್ರ ಬೇಕು. ಆ ಯಂತ್ರ ಗಾಡಿ ಕೊಳ್ಳುವ ರೈತನ ಜೇಬಿನಲ್ಲಿರಬೇಕೋ, ದಿನಾ ಗಾಡಿ ಮಾರುವವನ ಅಂಗಡಿಯಲ್ಲಿರಬೇಕೋ? ಎರಡು ಕಡೆಯೂ ಒಂದೇ ಅಜ್ಞಾನ ಇದ್ದಿದ್ದರೆ ಕೊಂಡವನನ್ನೂ ಸ್ವಲ್ಪ ದೂರಬಹುದಿತ್ತು. ಇಲ್ಲಿ ಒಬ್ಬನಿಗೆ ಗೊತ್ತು. ಗೊತ್ತಿದ್ದದ್ದಕ್ಕೇ ಬಣ್ಣ ಹೊಡೆಸಿದ್ದಾನೆ.

‘ನನಗೂ ಗೊತ್ತಿರಲಿಲ್ಲ’ ಎಂದು ಡೀಲರ್ ಹೇಳಿದರೆ? ಹಿಂದಿನ ಮಾಲೀಕನಿಂದ ಕೊಳ್ಳುವಾಗ ಬಾನೆಟ್ಟಿನ ಕೆಳಗೆ ಟಾರ್ಚ್ ಹಿಡಿದು, ‘ಇದು ಬಡದದ’ ಎಂದು ಎತ್ತಿ ತೋರಿಸಿ ರೇಟು ಇಳಿಸಿದವನು ಅವನೇ. ಕೊಳ್ಳುವಾಗ ಇದ್ದ ಕಣ್ಣು ಮಾರುವಾಗ ಎಲ್ಲಿ ಹೋಯಿತು? ಕೊಳ್ಳುವವನು ಕೇಳಬಹುದಾದ ಒಂದು ಕಾಗದವೂ ಇದೆ: ಹಳೆಯ ಇನ್ಶೂರೆನ್ಸ್ ಪಾಲಿಸಿ. ಕ್ಲೇಮು ಮಾಡದ ವರ್ಷಗಳಿಗೆ ನೋ ಕ್ಲೇಮ್ ಬೋನಸ್ 20, 25, 35, 45, 50 ಎಂದು ಶೇಕಡಾ ಏರುತ್ತ ಹೋಗುತ್ತದೆ. ಐದು ವರ್ಷದ ಗಾಡಿಯ ಪಾಲಿಸಿಯಲ್ಲಿ ಬೋನಸ್ಸು ಸೊನ್ನೆ ಇದ್ದರೆ ಯಾಕೆಂದು ಕೇಳಲೇಬೇಕು. ಈ ಕಾಗದ ಕೇಳಿದಾಗ ‘ಅದೆಲ್ಲ ಯಾಕ್ರೀ, ಆರ್‌ಸಿ ಕ್ಲಿಯರ್ ಅದ’ ಎನ್ನುವವನಿಗೆ ಉತ್ತರ ಗೊತ್ತಿರುತ್ತದೆ.

ಕಾನೂನೂ ಕೊಂಡವನ ಕಡೆ ಇಲ್ಲ ಎಂದು ಜನ ನಂಬಿದ್ದಾರೆ. ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬುದೇ ಕಾನೂನು ಎಂದು ವಕೀಲರ ಮನೆಯ ಜಗಲಿಯಲ್ಲೂ ಕೇಳಿದ್ದೇನೆ. ಅರ್ಧ ಸತ್ಯ. 1872ರ ಭಾರತೀಯ ಕರಾರು ಕಾಯಿದೆಯ 17ನೇ ಕಲಮಿನಲ್ಲಿ ಒಂದು ಕುದುರೆಯ ಉದಾಹರಣೆ ಇದೆ. ರೋಗದ ಕುದುರೆ ಎಂದು ಗೊತ್ತಿದ್ದೂ ಒಬ್ಬ ಹರಾಜಿನಲ್ಲಿ ಬಾಯಿಬಿಡದೆ ಮಾರುತ್ತಾನೆ. ಬರಿಯ ಮೌನ ಮೋಸವಾಗದು ಎನ್ನುತ್ತದೆ ಕಾಯಿದೆ. ಜಗಲಿಯ ಕಾನೂನು ಇಲ್ಲಿಗೇ ಪುಸ್ತಕ ಮುಚ್ಚುತ್ತದೆ. ಮುಂದೆ ಓದಬೇಕು. ಕೊಳ್ಳುವವಳು ಮಾರುವವನ ಮಗಳೇ ಆಗಿದ್ದು, ಈಗಷ್ಟೇ ಪ್ರಾಯಕ್ಕೆ ಬಂದಿದ್ದರೆ, ಹೇಳುವುದು ಅವನ ಕರ್ತವ್ಯ. ಇನ್ನೂ ಮುಂದೆ: ‘ನೀವು ಅಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದು ತಿಳಿಯುತ್ತೇನೆ’ ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಸುಮ್ಮನಿರುವಿಕೆಯೇ ಮಾತು. ಇದೇ ಕಲಮು ಗೊತ್ತಿದ್ದ ಸಂಗತಿಯನ್ನು ಕೈಯಾರೆ ಮರೆಮಾಡುವುದನ್ನು ನೇರವಾಗಿ ಮೋಸ ಎಂದೇ ಕರೆದಿದೆ. ಕುದುರೆಯ ಮಾಲೀಕ ಸುಮ್ಮನಿದ್ದ, ಅಷ್ಟೇ. ಬೆಂಡಾದ ಉಕ್ಕಿನ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು, ‘ಕಂಪನಿ ಪೇಂಟ್ ರೀ, ಮುಟ್ಟೇ ಇಲ್ಲ’ ಎಂದವನು ಸುಮ್ಮನಿದ್ದವನೇ? ಅವನ ಕೈಯೂ ಮಾತಾಡಿದೆ, ಬಾಯಿಯೂ ಮಾತಾಡಿದೆ.

1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮು ವ್ಯಾಪಾರಿಯ ಮೇಲೆ ಭಾರ ಹೊರಿಸುತ್ತದೆ; ಕೊಂಡವನು ಪರೀಕ್ಷಿಸಿದ್ದರೂ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಮಾತ್ರ ವ್ಯಾಪಾರಿಗೆ ವಿನಾಯಿತಿ. ಬಣ್ಣದ ಕೆಳಗೆ ಹೂತದ್ದು ಆ ವಿನಾಯಿತಿಯೊಳಗೆ ಬರಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಹಳೆಯ ಸರಕು ಕೊಂಡವನನ್ನು ಹೊರಗಿಟ್ಟಿಲ್ಲ. ಡೀಲರಿನಿಂದ ಕೊಂಡವನು ಸೊಲ್ಲಾಪುರದಲ್ಲಿ ಕೊಂಡಿದ್ದರೂ ತಾನಿರುವ ಜಿಲ್ಲೆಯ ಆಯೋಗದಲ್ಲಿ, ಅಂದರೆ ಕಲಬುರಗಿಯಲ್ಲಿ, ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಾಲಮಿತಿ 2 ವರ್ಷ. ವ್ಯಾಪಾರಿಯಲ್ಲದ ಖಾಸಗಿ ಮಾಲೀಕನಿಂದ ನೇರ ಕೊಂಡಿದ್ದರೆ ಈ ದಾರಿ ಇಲ್ಲ, ಸಿವಿಲ್ ಕೋರ್ಟಿನ ಉದ್ದ ದಾರಿ. ಅದು ಕಷ್ಟ ಎಂಬುದು ನಿಜ. ಕಷ್ಟ ಎಂಬುದಕ್ಕೂ ಹಕ್ಕೇ ಇಲ್ಲ ಎಂಬುದಕ್ಕೂ ವ್ಯತ್ಯಾಸವಿದೆ, ಆ ವ್ಯತ್ಯಾಸವನ್ನು ನಮ್ಮ ಹಿತೈಷಿಗಳು ಅಳಿಸಿಬಿಟ್ಟಿದ್ದಾರೆ.

‘ಎಲ್ಲ ಹೇಳಿಬಿಟ್ಟರೆ ಹಳೇ ಗಾಡಿ ಯಾರು ತೊಗೋತಾರ?’ ವ್ಯಾಪಾರಿಗಳ ಕೊನೆಯ ಅಸ್ತ್ರ ಇದು. ಇದಕ್ಕೆ ಉತ್ತರ 1970ರಲ್ಲೇ ಬಂದಿದೆ. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಹಳೆಯ ಕಾರುಗಳ ಪೇಟೆಯನ್ನೇ ಹಿಡಿದು ಒಂದು ಲೇಖನ ಬರೆದ. 2001ರಲ್ಲಿ ನೊಬೆಲ್ ಬಂದದ್ದು ಈ ಬಗೆಯ ಕೆಲಸಕ್ಕೇ. ಒಳ್ಳೆಯ ಗಾಡಿ ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲಕ್ಕೂ ಅನುಮಾನದ ರೇಟನ್ನೇ ಕೇಳುತ್ತಾನೆ, ಒಳ್ಳೆಯ ಗಾಡಿಯವನಿಗೆ ಆ ರೇಟು ಗಿಟ್ಟುವುದಿಲ್ಲ, ಅವನು ಪೇಟೆ ಬಿಟ್ಟು ಹೋಗುತ್ತಾನೆ, ಉಳಿಯುವುದು ಕೆಟ್ಟದ್ದೇ. ಮುಚ್ಚಿಡುವುದರಿಂದ ವ್ಯಾಪಾರ ಉಳಿಯುತ್ತದೆ ಎನ್ನುವವರು ಉಳಿಸುತ್ತಿರುವುದು ಮುಚ್ಚಿಡುವವರನ್ನು. ಕಲಬುರಗಿಯಲ್ಲೂ ಪ್ರಾಮಾಣಿಕವಾಗಿ ‘ಈ ಬದಿ ಬಡದದ, ಅದಕ್ಕ ರೇಟ್ ಕಡಿಮಿ’ ಎಂದು ಹೇಳಿ ಮಾರುವವರು ಇದ್ದಾರೆ. ಅವರ ಹೊಟ್ಟೆಯ ಮೇಲೆ ಹೊಡೆಯುತ್ತಿರುವುದು ಈ ರೂಢಿಯೇ.

ಹೇಳಿ ಮಾರುವ ದೇಶಗಳಲ್ಲಿ ಪೇಟೆ ಮುಚ್ಚಿಲ್ಲ. ಜಪಾನಿನ ಹರಾಜುಗಳಲ್ಲಿ ಪ್ರತಿ ಕಾರಿಗೂ ಒಂದು ಪರೀಕ್ಷಾ ಹಾಳೆ. ಎಲುಬಿಗೆ ಪೆಟ್ಟು ಬಿದ್ದು ರಿಪೇರಿಯಾದದ್ದಕ್ಕೆ ಪ್ರತ್ಯೇಕ ದರ್ಜೆ. ಅಲ್ಲಿನ ಹಳೆಯ ಕಾರುಗಳು ಜಗತ್ತಿನ ಮೂಲೆಮೂಲೆಗೆ ಮಾರಾಟವಾಗುತ್ತವೆ. ಬ್ರಿಟನ್ನಿನಲ್ಲಿ ವಿಮಾ ಕಂಪನಿ ಕೈಬಿಟ್ಟ ಗಾಡಿಗಳಲ್ಲಿ ಎಲುಬಿಗೆ ಪೆಟ್ಟಾದದ್ದು ಯಾವುದು, ಆಗದ್ದು ಯಾವುದು ಎಂದು 2017ರಿಂದ ಬೇರೆ ಬೇರೆ ವರ್ಗ ಮಾಡಿದ್ದಾರೆ. ಅಮೆರಿಕದ ಅಲಬಾಮಾದಲ್ಲಿ ಇರಾ ಗೋರ್ ಎಂಬ ವೈದ್ಯರು 1990ರಲ್ಲಿ ಹೊಸ ಬಿಎಂಡಬ್ಲ್ಯು ಕೊಂಡು, ಒಂಬತ್ತು ತಿಂಗಳ ಮೇಲೆ ಅದಕ್ಕೆ ಮರುಬಣ್ಣ ಹೊಡೆದಿರುವುದನ್ನು ತಿಳಿದರು. ದುರಸ್ತಿಯ ಖರ್ಚು 601 ಡಾಲರ್ ಚಿಲ್ಲರೆ. ಬೆಲೆಯ ಶೇಕಡಾ 3ಕ್ಕಿಂತ ಕಡಿಮೆಯ ದುರಸ್ತಿಯನ್ನು ಹೇಳದಿರುವುದು ಕಂಪನಿಯ ನೀತಿಯಾಗಿತ್ತು. ಜ್ಯೂರಿ 40 ಲಕ್ಷ ಡಾಲರ್ ದಂಡ ಹಾಕಿತು. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೊತ್ತ ವಿಪರೀತವೆಂದಿತು, ಮುಚ್ಚಿಟ್ಟದ್ದು ಸರಿ ಎನ್ನಲಿಲ್ಲ. ಕಂಪನಿ ಅದಕ್ಕೆ ಮೊದಲೇ ತನ್ನ ನೀತಿ ಬದಲಿಸಿ ಎಲ್ಲ ದುರಸ್ತಿಯನ್ನೂ ಹೇಳತೊಡಗಿತ್ತು. ಅಲ್ಲಿ ಬರೀ ಬಣ್ಣಕ್ಕೆ ಇಷ್ಟು ಜಗಳ ನಡೆಯಿತು. ಇಲ್ಲಿ ಮುರಿದ ಎಲುಬಿಗೆ ಸುಮ್ಮನಿರು ಎನ್ನುತ್ತೇವೆ.

ಸರ್ಕಾರದ ನಡತೆ ಇನ್ನೂ ನೋವಿನದು. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ಹಳೆಯ ಗಾಡಿ ಮಾರುವ ನೋಂದಾಯಿತ ವ್ಯಾಪಾರಿಯ ಲಾಭದ ಮೇಲೆ ಶೇಕಡಾ 18 ತೆರಿಗೆ ಎಂದು ನಿಗದಿ ಮಾಡಿತು. 2023ರ ಏಪ್ರಿಲಿನಿಂದ ಹಳೆಯ ಗಾಡಿಗಳ ಡೀಲರಿಗೆ ಅಧಿಕೃತ ಪ್ರಮಾಣಪತ್ರ ಬೇಕು, ತನ್ನ ಕೈಗೆ ಬಂದ ಗಾಡಿಯ ಓಡಾಟದ ದಾಖಲೆ ಇಡಬೇಕು ಎಂಬ ನಿಯಮವೂ ಬಂದಿದೆ, ಒಳ್ಳೆಯದು. ವಾಹನ್ ಪೋರ್ಟಲಿನಲ್ಲಿ ನಂಬರು ಹಾಕಿದರೆ ಸಾಲ, ಇನ್ಶೂರೆನ್ಸ್ ಅವಧಿ, ಫಿಟ್ನೆಸ್ ಕಾಣುತ್ತವೆ. ಗಾಡಿಯ ಮೇಲೆ ಎಷ್ಟು ಕ್ಲೇಮು ಆಗಿದೆ ಎಂಬುದು ಕಾಣುವುದಿಲ್ಲ. ಆ ಲೆಕ್ಕ ದೇಶದಲ್ಲಿ ಇಲ್ಲವೆಂದಲ್ಲ: ವಿಮಾ ಕಂಪನಿಗಳ ಬಳಿ ಇದೆ, ಹೈದರಾಬಾದಿನಲ್ಲಿರುವ ವಿಮಾ ಮಾಹಿತಿ ಬ್ಯೂರೋ ಅಂಥ ಮಾಹಿತಿ ಕಲೆಹಾಕಲೆಂದೇ ಇರುವ ಸಂಸ್ಥೆ. ರಿಪೇರಿ ಖರ್ಚು ಗಾಡಿಯ ವಿಮಾ ಬೆಲೆಯ ಶೇಕಡಾ 75 ದಾಟಿದರೆ ಕಂಪನಿ ಅದನ್ನು ಪೂರ್ತಿ ನಷ್ಟವೆಂದು ಲೆಕ್ಕ ಹಾಕಿ ಉಳಿದ ದೇಹವನ್ನು ಮಾರಿಬಿಡುತ್ತದೆ. ಅಂಥ ದೇಹ ಮತ್ತೆ ಬಣ್ಣ ಹಚ್ಚಿಕೊಂಡು ರಸ್ತೆಗೆ ಬಂದರೆ ಕೊಳ್ಳುವವನಿಗೆ ಯಾರು ಹೇಳಬೇಕು? 2019ರಲ್ಲಿ ಸಾಂಗ್ಲಿ ಕೊಲ್ಹಾಪುರ ಮುಳುಗಿದವು, 2020ರ ಅಕ್ಟೋಬರಿನಲ್ಲಿ ನಮ್ಮ ಭೀಮೆಯೇ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ನುಗ್ಗಿತು, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾರುಗಳು ನೀರಿನಲ್ಲಿ ತೇಲಿದವು. ನೀರು ಕುಡಿದ ಗಾಡಿಗೂ ಬಡಿದ ಗಾಡಿಗೂ ಪೇಟೆಯಲ್ಲಿ ಸಿಗುವ ಉಪಚಾರ ಒಂದೇ, ಮೌನವೂ ಒಂದೇ. ಕ್ಲೇಮಿನ ತಾರೀಖು ಮತ್ತು ಮೊತ್ತ, ಇವೆರಡನ್ನು ಚಾಸಿ ನಂಬರಿನ ಎದುರು ವಾಹನ್‌ನಲ್ಲಿ ತೋರಿಸಬೇಕು. ಇದರಲ್ಲಿ ಯಾರ ಖಾಸಗಿತನವೂ ಹೋಗುವುದಿಲ್ಲ. ಗಾಡಿಯ ಕಥೆ ಗಾಡಿಯ ಜೊತೆ ಹೋಗುತ್ತದೆ, ಅಷ್ಟೇ.

ಇನ್ನು ಮೂರನೆಯ ಸಮಾಧಾನ: ‘ಹೋಗ್ಲಿ ಬಿಡು, ಯಾರಿಗರ ದಾಟ್ಸಿಬಿಡು.’ ಇದನ್ನು ಹೇಳುವವರು ಕೆಟ್ಟವರಲ್ಲ, ನಮ್ಮವರೇ, ನಮ್ಮ ನಷ್ಟಕ್ಕೆ ಮರುಗುವವರೇ. ಆದರೆ ಅವರು ಹೇಳುತ್ತಿರುವುದು ಏನು? ನಿನ್ನ ಹೆಂಡತಿ ಮಕ್ಕಳು ಕೂರಬಾರದ ಗಾಡಿಯಲ್ಲಿ ಇನ್ನೊಬ್ಬನ ಹೆಂಡತಿ ಮಕ್ಕಳನ್ನು ಕೂರಿಸು ಎಂದು. ದಾಟುತ್ತ ಹೋದಂತೆ ಗಾಡಿಯ ರೇಟು ಇಳಿಯುತ್ತದೆ, ಕೊಳ್ಳುವವನ ಕೈ ಇನ್ನೂ ಬಡವಾಗುತ್ತದೆ. ಕೊನೆಗೆ ಅದು ಯಾವುದೋ ತಾಂಡಾದ, ಯಾವುದೋ ಹಳ್ಳಿಯ ಮೊದಲ ಕಾರಾಗಿ ನಿಲ್ಲುತ್ತದೆ, ಪ್ರಶ್ನೆ ಕೇಳಲು ಸಾಧ್ಯವೇ ಇಲ್ಲದವನ ಬಾಗಿಲಲ್ಲಿ. ಮೋಸ ಹೋದವನು ಮೋಸಗಾರನಾಗುವುದನ್ನು ಜಾಣತನ ಎನ್ನುವ ಊರಿನಲ್ಲಿ ಮೊದಲ ಮೋಸಗಾರ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾನೆ.

ಅನುಮಾನ ಬಂದ ದಿನವೇ ಮಾಡಬೇಕಾದದ್ದು ಬೇರೆ ಇದೆ. ಗ್ಯಾರೇಜಿನವನಿಗೆ ಉಜ್ಜುವುದನ್ನು ಅಲ್ಲಿಗೇ ನಿಲ್ಲಿಸಲು ಹೇಳಿ, ಪುಟ್ಟಿ, ವೆಲ್ಡಿಂಗು, ಬೋಲ್ಟುಗಳ ಫೋಟೋ ತೆಗೆಯಬೇಕು. ಅಲೈನ್‌ಮೆಂಟಿನ ಪ್ರಿಂಟು ಇಟ್ಟುಕೊಳ್ಳಬೇಕು. ಈಗ ಮಾಲೀಕರು ನೀವೇ ಆದ್ದರಿಂದ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರು ಕೊಟ್ಟು ಹಳೆಯ ಕೆಲಸದ ದಾಖಲೆ ಕೇಳಬೇಕು, ಪರೀಕ್ಷಿಸಿದವರಿಂದ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಬೇಕು. ಮಾರಿದವನ ಜಾಹೀರಾತು, ವಾಟ್ಸಾಪಿನ ಮಾತು ಅಳಿಸಬಾರದು. ಆಮೇಲೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು.

ಕೊಳ್ಳುವ ಮೊದಲಿನ ಕೆಲಸ ಇದಕ್ಕಿಂತ ಸುಲಭ. ನಮ್ಮಲ್ಲಿ ಗಾಡಿ ಕೈಬದಲಾಗುವಾಗ ಬಾಂಡ್ ಪೇಪರಿನ ಮೇಲೆ ಒಂದು ಡೆಲಿವರಿ ಬರಹ ಮಾಡಿಕೊಳ್ಳುತ್ತಾರೆ. ‘ಇಂದು ಇಷ್ಟು ಗಂಟೆಯಿಂದ ಮುಂದೆ ಆಗುವ ಅಪಘಾತ, ಕೇಸು, ದಂಡಗಳಿಗೆ ಕೊಂಡವರೇ ಜವಾಬ್ದಾರರು’ ಎಂದು ಮಾರುವವನು ಗಂಟೆ ಸಹಿತ ಬರೆಸುತ್ತಾನೆ. ‘ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿದ್ದೇನೆ’ ಎಂದೂ ಸೇರಿಸುತ್ತಾನೆ. ತನ್ನ ರಕ್ಷಣೆಗೆ ಅವನು ಅಷ್ಟು ಎಚ್ಚರ ವಹಿಸುವುದು ತಪ್ಪಲ್ಲ. ಅದೇ ಕಾಗದದಲ್ಲಿ, ಅದೇ ಸಹಿಯ ಮೇಲೆ, ಕೊಂಡವನು ಇನ್ನೊಂದು ಸಾಲು ಬರೆಸಿಕೊಳ್ಳಲಿ: ‘ಈ ಗಂಟೆಯ ತನಕ ನನಗೆ ತಿಳಿದಂತೆ ಈ ಗಾಡಿಗೆ ಆದ ಅಪಘಾತ, ಇನ್ಶೂರೆನ್ಸ್ ಕ್ಲೇಮು, ಬದಲಿಸಿದ ಅಥವಾ ವೆಲ್ಡಿಂಗ್ ಮಾಡಿದ ಭಾಗಗಳು ಇವು, ಬೇರೆ ಯಾವುದೂ ಇಲ್ಲ.’ ಈ ಸಾಲಿಗೆ ಸಹಿ ಹಾಕಲು ಹಿಂದೆಗೆಯುವವನಿಗೆ ಅಡ್ವಾನ್ಸ್ ಕೊಡಬೇಡಿ.